ಬಿದ್ದವರು ಏಳುವ ಲೆಕ್ಕ: ನಿಮ್ಮ ಟೇಬಲ್‌ಗೆ ಯಾವ ಗಾಯದ ನಿಯಮ ಹೊಂದುತ್ತದೆ?

ದಾಳ ಉರುಳಿಸಿ, ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಟದ ಒಂದೇ ಕಾಳಗದಲ್ಲಿ ನಮ್ಮ ಫೈಟರ್, ಅಂದರೆ ಯೋಧೆ, ನಾಲ್ಕು ಸಲ ಬಿದ್ದಳು, ನಾಲ್ಕು ಸಲ ಎದ್ದಳು. ಪ್ರತಿ ಸಲವೂ ಕ್ಲೆರಿಕ್, ಅಂದರೆ ವಾಸಿ ಮಾಡುವ ಪೂಜಾರಿ, 60 ಅಡಿ ದೂರದಿಂದಲೇ ಹೀಲಿಂಗ್ ವರ್ಡ್ ಮಂತ್ರ ಹಾಕುತ್ತಿದ್ದ, ಐದಾರು ಎಚ್‌ಪಿ (ಹಿಟ್ ಪಾಯಿಂಟ್, ಅಂದರೆ ಜೀವಬಲದ ಲೆಕ್ಕ) ಬರುತ್ತಿತ್ತು, ಅವಳು ಎದ್ದು ಕತ್ತಿ ಬೀಸುತ್ತಿದ್ದಳು, ಓಗರ್ ಎಂಬ ರಾಕ್ಷಸ ಮತ್ತೆ ಬಾರಿಸಿ ಕೆಡವುತ್ತಿತ್ತು. ಆಮೇಲೆ 8 ಗಂಟೆ ನಿದ್ದೆ. ಬೆಳಿಗ್ಗೆ ಎಲ್ಲರ ಎಚ್‌ಪಿಯೂ ಪೂರ್ತಿ ತುಂಬಿತ್ತು. ಆಟ ಮುಗಿಸಿ ಕಾಫಿ ಕುಡಿಯುವಾಗ ಆ ಫೈಟರ್ ಆಡುವ ಗೆಳತಿಯೇ ಹೇಳಿದಳು, "ನಾನು ಸಾಯ್ತೀನಿ ಅಂತ ಒಂದು ಸಲನೂ ಅನ್ನಿಸ್ಲಿಲ್ಲ."

ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ಕೂತಿದ್ದ ನನಗೆ ಆ ಮಾತು ನಾಟಿತು. ಅಲ್ಲಿಂದ ಈಚೆಗೆ ನಾವು ಒಂದಾದ ಮೇಲೆ ಒಂದು ನಿಯಮ ಹಾಕಿ ನೋಡಿದ್ದೇವೆ. ಕೆಲವು ಚೆನ್ನಾಗಿ ಕೂತವು. ಒಂದು ನಿಯಮದಿಂದ ಇಡೀ ಕ್ಯಾಂಪೇನೇ, ಅಂದರೆ ವಾರವಾರ ಆಡುತ್ತಿದ್ದ ಕಥೆಯೇ, ನಿಂತುಹೋಯಿತು, ಅದನ್ನೂ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿ ಆಡುವವರಿಗೆ, ಆದರೆ ಬೇರೆ ಆಟಗಳ ನಿಯಮಗಳೂ ಬರುತ್ತವೆ.

ಶುರುವಿನಲ್ಲೇ ಒಂದು ವಿಷಯ ಬಿಡಿಸಿಕೊಳ್ಳೋಣ. "ಎಚ್‌ಪಿ ನಿಯಮ ಸರಿಯಿಲ್ಲ" ಎನ್ನುವವರಿಗೆ ಎರಡು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದು ಕಾಳಗದ ಒಳಗಿನದು, ಬಿದ್ದವರು ತೀರಾ ಸುಲಭವಾಗಿ ಏಳುತ್ತಾರೆ. ಇನ್ನೊಂದು ಕಾಳಗ ಮುಗಿದ ಮೇಲಿನದು, ಎಂಥ ಪೆಟ್ಟಾದರೂ ಒಂದು ರಾತ್ರಿಯಲ್ಲಿ ವಾಸಿಯಾಗುತ್ತದೆ. ಎರಡೂ ಒಟ್ಟಿಗೆ ಕಾಣುವುದರಿಂದ ಒಂದೇ ಅನ್ನಿಸುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನಾವು ವರ್ಷಗಟ್ಟಲೆ ತಪ್ಪಿದ್ದು ಇಲ್ಲೇ, ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆವು.

ಎಚ್‌ಪಿ ಎಲ್ಲಿಂದ ಬಂತು

1971ರ ಚೈನ್‌ಮೇಲ್ ಎಂಬ ಯುದ್ಧದ ಆಟದಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಪೆಟ್ಟು ತಾಗಿದರೆ ಸತ್ತ, ಚೌಕಾಬಾರದಲ್ಲಿ ಕಾಯಿ ಕಡಿದ ಹಾಗೆ. ನಡುವೆ ಏನೂ ಇಲ್ಲ. ತಾವು ಬೆಳೆಸಿದ ಪಾತ್ರ ಹೀಗೆ ಒಂದೇ ಏಟಿಗೆ ಹೋಗುವುದು ಆಟಗಾರರಿಗೆ ಇಷ್ಟವಾಗಲಿಲ್ಲ. ಡಿ ಅಂಡ್ ಡಿಯ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಹಡಗು ಯುದ್ಧದ ಆಟಗಳಿಂದ ಹಿಟ್ ಪಾಯಿಂಟ್ ಎನ್ನುವ ಲೆಕ್ಕವನ್ನು ತಂದರು, ಅಮೆರಿಕದ ಅಂತರ್ಯುದ್ಧ ಕಾಲದ ಕಬ್ಬಿಣದ ಹೊದಿಕೆಯ ಹಡಗುಗಳ ಆಟ ಅದು. 1974ರಲ್ಲಿ ಡಿ ಅಂಡ್ ಡಿ ಬಂದಾಗ ಆ ಲೆಕ್ಕವೇ ಮನುಷ್ಯರಿಗೂ ಬಂತು. ಹಡಗು ಮುಳುಗುವವರೆಗೂ ತೇಲುತ್ತದೆ. ಅದಕ್ಕೇ ನಮ್ಮ ಪಾತ್ರಗಳು ಒಂದು ಎಚ್‌ಪಿ ಇದ್ದಾಗಲೂ ಪೂರ್ತಿ ಬಲದಲ್ಲಿ ಹೋರಾಡುತ್ತವೆ.

ಎಚ್‌ಪಿ ಎಂದರೆ ಬರೀ ಮೈಯಲ್ಲ, ಚಾಕಚಕ್ಯತೆ, ಅದೃಷ್ಟ ಎಲ್ಲ ಸೇರಿದ್ದು ಎಂದು ಇನ್ನೊಬ್ಬ ಕರ್ತೃ ಗ್ಯಾರಿ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಬರೆದಿದ್ದಾರೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. 40ರಿಂದ 5ಕ್ಕೆ ಇಳಿದವನ ಮೈಮೇಲೆ ಏಳು ಕತ್ತಿ ಗಾಯ ಇದೆ ಎಂದು ಡಿಎಂ ವರ್ಣಿಸಿದರೆ, ಮಾರನೇ ದಿನ ಅವನು ಎದ್ದು ಓಡುವುದು ಯಾರಿಗೂ ನಂಬಿಕೆಯಾಗುವುದಿಲ್ಲ. "ಗುರಾಣಿ ಹಿಡಿದ ಕೈ ಜೋಮು ಹಿಡಿದಿದೆ, ಉಸಿರು ಸಿಗುತ್ತಿಲ್ಲ" ಎಂದು ಹೇಳಿ ನೋಡಿ. ಅರ್ಧ ದೂರು ಅಲ್ಲೇ ಹೋಗುತ್ತದೆ. ಇದಕ್ಕೆ ಯಾವ ನಿಯಮವೂ ಬೇಕಿಲ್ಲ.

ಬಿದ್ದು ಏಳುವ ತೊಂದರೆಗೆ

ಐದನೇ ಆವೃತ್ತಿಯಲ್ಲಿ ಎಚ್‌ಪಿ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ನಿಮ್ಮ ಹತ್ತಿರ 3 ಎಚ್‌ಪಿ ಇದೆ, ಓಗರ್ 13 ಬಾರಿಸಿತು. 10 ಪಾಯಿಂಟ್ ಪೆಟ್ಟು ಗಾಳಿಗೆ ಹೋಯಿತು. ಹಾಗಾಗಿ ಬೀಳುವ ಮೊದಲು ಮದ್ದು ಕೊಡುವುದಕ್ಕಿಂತ ಬಿದ್ದ ಮೇಲೆ ಕೊಡುವುದೇ ಲಾಭ. ಆಟಗಾರರು ಕಳ್ಳಾಟ ಆಡುತ್ತಿಲ್ಲ, ನಿಯಮ ಕಲಿಸಿದ್ದನ್ನೇ ಮಾಡುತ್ತಿದ್ದಾರೆ, ಅಲ್ವಾ? ಅವರ ಮೇಲೆ ಸಿಟ್ಟಾಗುವುದು ಬೇಡ.

ಹೊಸ ನಿಯಮ ತರುವ ಮೊದಲು ಇರುವ ನಿಯಮವನ್ನೇ ಪೂರ್ತಿ ಬಳಸುತ್ತಿದ್ದೀರಾ ನೋಡಿಕೊಳ್ಳಿ. ಪ್ರಜ್ಞೆ ತಪ್ಪಿ ಬಿದ್ದವರಿಗೆ 5 ಅಡಿ ಒಳಗಿನಿಂದ ತಾಗಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಭಾರೀ ಏಟು. ಸೊನ್ನೆಯಲ್ಲಿ ಇರುವವರಿಗೆ ಕ್ರಿಟಿಕಲ್ ಎಂದರೆ ಎರಡು ಡೆತ್ ಸೇವ್ ಸೋಲು (ಡೆತ್ ಸೇವ್ ಎಂದರೆ ಬಿದ್ದವರು ಸಾವು ಬದುಕಿಗಾಗಿ ಉರುಳಿಸುವ ಡಿ20, ಅಂದರೆ 20 ಮುಖದ ದಾಳ; ಮೂರು ಸೋತರೆ ಸಾವು). ಹಸಿದ ತೋಳ ಬಿದ್ದವನನ್ನು ಒಂದು ಸಲ ಕಚ್ಚಿದರೆ ಮೂರರಲ್ಲಿ ಎರಡು ಸೋಲು ಆಗಿಹೋಯಿತು. ಬಹಳ ಡಿಎಂಗಳು ಮರುಕದಿಂದ ಇದನ್ನು ಮಾಡುವುದಿಲ್ಲ. ಪ್ರತಿ ಶತ್ರುವೂ ಹಾಗೆ ಮಾಡಬೇಕಿಲ್ಲ, ತೋಳ, ಪಿಶಾಚಿ, ಹಗೆ ಇರುವವನು ಮಾಡಿದರೆ ಸಾಕು.

ಅದೂ ಸಾಲದಿದ್ದರೆ ನನ್ನ ಮೊದಲ ಆಯ್ಕೆ ತುಂಬಾ ಸಣ್ಣ ಬದಲಾವಣೆ: ಡೆತ್ ಸೇವ್ ಸೋಲುಗಳು ಎದ್ದ ಮೇಲೂ ಅಳಿಯುವುದಿಲ್ಲ, ಲಾಂಗ್ ರೆಸ್ಟ್, ಅಂದರೆ 8 ಗಂಟೆಯ ವಿಶ್ರಾಂತಿ, ಆದ ಮೇಲೆ ಮಾತ್ರ ಹೋಗುತ್ತವೆ. ಅಷ್ಟೇ. ಇದರ ಲೆಕ್ಕ ನಾನೇ ಕೂತು ಹಾಕಿದೆ. 20 ಬಿದ್ದರೆ ಏಳುವುದು, 1 ಬಿದ್ದರೆ ಎರಡು ಸೋಲು, ಎಲ್ಲ ಸೇರಿಸಿ. ಯಾರೂ ನೆರವಿಗೆ ಬಾರದಿದ್ದರೆ, ಸೋಲೇ ಇಲ್ಲದೆ ಬಿದ್ದವರು ಬದುಕುವ ಸಾಧ್ಯತೆ ನೂರಕ್ಕೆ ಸುಮಾರು 60. ಮೊದಲೇ ಒಂದು ಸೋಲು ಇದ್ದರೆ 42. ಎರಡು ಇದ್ದರೆ 21. ನಮ್ಮ ಟೇಬಲ್‌ನಲ್ಲಿ ಇದನ್ನು ತಂದ ಮೊದಲ ದಿನವೇ ಕ್ಲೆರಿಕ್ ಆಡುವವನು ಫೈಟರ್ ಬೀಳುವ *ಮೊದಲು* ಮದ್ದು ಕೊಟ್ಟ. ನನಗೆ ಬೇಕಿದ್ದದ್ದು ಅದೇ.

ಪಾತ್‌ಫೈಂಡರ್ ಎಂಬ ಇದೇ ಥರದ ಆಟದ ಎರಡನೇ ಆವೃತ್ತಿ, 2019ರದ್ದು, ಇದನ್ನೇ ಮೂಲ ನಿಯಮದಲ್ಲಿ ಇಟ್ಟಿದೆ. ಬಿದ್ದಾಗ ಡೈಯಿಂಗ್ 1 (ಸಾವಿಗೆ ಎಷ್ಟು ಹತ್ತಿರ ಎನ್ನುವ ಅಂಕಿ), ಕ್ರಿಟಿಕಲ್‌ನಿಂದ ಬಿದ್ದರೆ ಡೈಯಿಂಗ್ 2, ಡೈಯಿಂಗ್ 4 ಆದರೆ ಸಾವು. ಎದ್ದಾಗ ವೂಂಡೆಡ್ 1, ಅಂದರೆ ಗಾಯದ ಅಂಕಿ, ಅಂಟಿಕೊಳ್ಳುತ್ತದೆ, ಮುಂದಿನ ಸಲ ಬಿದ್ದಾಗ ಆ ಸಂಖ್ಯೆ ಡೈಯಿಂಗ್‌ಗೆ ಸೇರುತ್ತದೆ. ಆದರೆ ಕಾಳಗ ಮುಗಿದ ಮೇಲೆ 10 ನಿಮಿಷ ಕೂತು ಗಾಯಕ್ಕೆ ಪಟ್ಟಿ ಕಟ್ಟಿ, ಆ ಚೆಕ್ ಗೆದ್ದರೆ ವೂಂಡೆಡ್ ಹೋಗುತ್ತದೆ. ಅಂದರೆ ಇದು ಮೊದಲ ತೊಂದರೆಗೆ ಮಾತ್ರ ಮದ್ದು, ಎರಡನೆಯದನ್ನು ಮುಟ್ಟುವುದೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನಿಸುತ್ತದೆ, ಮತ್ತು ಆ ಆಟಕ್ಕೆ ಅದು ಸರಿಯಾಗಿಯೇ ಇದೆ.

ಇನ್ನೊಂದು ಜನಪ್ರಿಯ ಮನೆನಿಯಮ, ಸೊನ್ನೆಗೆ ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಷನ್, ಅಂದರೆ ಸುಸ್ತು. ಇದು ನೀವು ಐದನೇ ಆವೃತ್ತಿಯ ಯಾವ ಪುಸ್ತಕ, 2014ರ ಮೂಲವೋ 2024ರ ಪರಿಷ್ಕರಣೆಯೋ, ಬಳಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. 2014ರ ನಿಯಮದಲ್ಲಿ ಮೂರನೇ ಹಂತಕ್ಕೆ ಏಟುಗಳಿಗೂ ಸೇವ್‌ಗಳಿಗೂ (ಅಪಾಯ ತಡೆಯುವ ದಾಳ) ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ಕಡಿಮೆಯದನ್ನು ಎಣಿಸುವುದು, ನಾಲ್ಕನೇ ಹಂತಕ್ಕೆ ಎಚ್‌ಪಿಯ ಮಿತಿಯೇ ಅರ್ಧ. ಒಂದು ಕೆಟ್ಟ ಕಾಳಗದಲ್ಲಿ ಮೂರು ಸಲ ಬಿದ್ದವರು ಮುಂದಿನ ಎರಡು ದಿನ ಆಡುವುದಕ್ಕೇ ಆಗುವುದಿಲ್ಲ, ಏಕೆಂದರೆ ಒಂದು ಲಾಂಗ್ ರೆಸ್ಟ್‌ಗೆ ಒಂದೇ ಹಂತ ಇಳಿಯುತ್ತದೆ. 2024ರ ನಿಯಮದಲ್ಲಿ ಹಂತಕ್ಕೆ 2ರಂತೆ ಡಿ20 ದಾಳದಿಂದ ಕಳೆಯುವುದು, ವೇಗ 5 ಅಡಿ ಕಡಿಮೆ, ಅಷ್ಟೇ. ನೆನಪಿಟ್ಟುಕೊಳ್ಳುವುದೂ ಸುಲಭ, ಹೊರೆಯೂ ಹದವಾಗಿದೆ. 2024ರ ಪುಸ್ತಕ ಇದ್ದರೆ ಇದನ್ನು ಧೈರ್ಯವಾಗಿ ಹಾಕಿ. 2014 ಆಡುತ್ತಿದ್ದರೆ ಬೇಡ.

ಒಂದೇ ರಾತ್ರಿಯಲ್ಲಿ ವಾಸಿಯಾಗುವ ತೊಂದರೆಗೆ

2014ರ ಡಿಎಂ ಗೈಡ್‌ನಲ್ಲಿ ಗ್ರಿಟಿ ರಿಯಲಿಸಂ ಎಂಬ ಆಯ್ಕೆ ಇದೆ. ಸಣ್ಣ ವಿಶ್ರಾಂತಿಯಾದ ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಹೆಸರು ಕೇಳಿ ಬಹಳ ಜನ ಮೋಸಹೋಗುತ್ತಾರೆ, ಇದರಿಂದ ಕಾಳಗ ಒಂದಿಷ್ಟೂ ಅಪಾಯಕಾರಿ ಆಗುವುದಿಲ್ಲ. ಇದು ಕ್ಯಾಲೆಂಡರ್ ಬದಲಿಸುತ್ತದೆ, ಅಷ್ಟೇ. ಒಂದು ದಿನಕ್ಕೆ ಇಡುತ್ತಿದ್ದ ಆರು ಕಾಳಗಗಳನ್ನು ಒಂದು ವಾರಕ್ಕೆ ಹಂಚಬಹುದು.

ಕಾಡು ದಾಟುವ, ಊರಿಂದ ಊರಿಗೆ ನಡೆಯುವ ಕಥೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ನಡುವೆ ಒಂದು ವಾರ ಊರಲ್ಲಿ ಉಳಿಯಬೇಕಾಗಿ ಬಂದಾಗ ಊರಿನವರ ಪರಿಚಯವಾಗುತ್ತದೆ, ಶತ್ರುವೂ ಸುಮ್ನೆ ಕೂತಿರುವುದಿಲ್ಲ, ಸಮಯಕ್ಕೇ ಒಂದು ಬೆಲೆ ಬರುತ್ತದೆ. ಆದರೆ ನೆಲದಡಿಯ ದೊಡ್ಡ ಡಂಜನ್ ಆಡಿಸುತ್ತಿದ್ದರೆ ಇದನ್ನು ತರಲೇಬೇಡಿ, ಮೂರನೇ ಕೋಣೆಗೆ ಬರುವಷ್ಟರಲ್ಲಿ ವಾಪಸ್ ಊರಿಗೆ ಹೋಗಬೇಕಾಗುತ್ತದೆ. ಮಂತ್ರಗಳ ಅವಧಿಯನ್ನೂ ನೋಡಿಕೊಳ್ಳಿ. ಕವಚದಂತೆ ಕಾಯುವ ಮೇಜ್ ಆರ್ಮರ್ 8 ಗಂಟೆ ಇರುತ್ತದೆ. ಮೊದಲು ಒಂದು ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಅವಕಾಶ) ಕೊಟ್ಟರೆ ದಿನದ ಕಾಳಗಗಳಿಗೆಲ್ಲ ಸಾಕಾಗುತ್ತಿದ್ದದ್ದು ಈಗ ಒಂದಕ್ಕೋ ಎರಡಕ್ಕೋ ಬಂದರೆ ಹೆಚ್ಚು. ವಿಝರ್ಡ್, ಅಂದರೆ ಮಂತ್ರವಾದಿ, ಆಡುವವರ ಹತ್ತಿರ ಇದನ್ನು ಮೊದಲೇ ಮಾತಾಡಿ.

ನಮಗೆ ಇದಕ್ಕಿಂತ ಹಿಡಿಸಿದ್ದು ಅದೇ ಪುಸ್ತಕದ ಸ್ಲೋ ನ್ಯಾಚುರಲ್ ಹೀಲಿಂಗ್. ಮಲಗಿ ಎದ್ದರೆ ಎಚ್‌ಪಿ ತಾನಾಗಿ ತುಂಬುವುದಿಲ್ಲ, ಹಿಟ್ ಡೈಸ್, ಅಂದರೆ ಚೇತರಿಕೆಗೆಂದು ಲೆವೆಲ್ಲಿಗೊಂದರಂತೆ ಇರುವ ದಾಳ, ಖರ್ಚು ಮಾಡಿಯೇ ಪಡೆಯಬೇಕು. ಐದನೇ ಲೆವೆಲ್ಲಿನ ಫೈಟರ್, ಕಾನ್ಸ್ಟಿಟ್ಯೂಷನ್ (ಮೈಯ ಗಟ್ಟಿತನ) 14, ಒಟ್ಟು 44 ಎಚ್‌ಪಿ ಎಂದುಕೊಳ್ಳಿ. 4ಕ್ಕೆ ಇಳಿದಿದ್ದಾಳೆ. ಐದೂ ಡೈಸ್ ಉರುಳಿಸಿದರೆ ಸರಾಸರಿ 37 ಬರುತ್ತದೆ, ಪರವಾಗಿಲ್ಲ. ಆದರೆ ಲಾಂಗ್ ರೆಸ್ಟ್‌ನಿಂದ ವಾಪಸ್ ಬರುವುದು ಎರಡೇ ಡೈಸ್. ಹಾಗಾಗಿ ನಾಳೆ ಇದೇ ಥರ ಪೆಟ್ಟು ತಿಂದರೆ ಅವಳಿಗೆ ಸಿಗುವುದು ಸುಮಾರು 15. ಮೊದಲ ದಿನ ಗೊತ್ತಾಗದ ನೋವು ಮೂರನೇ ದಿನ ಗೊತ್ತಾಗುತ್ತದೆ. ನಿಜವಾದ ದಣಿವೂ ಹಾಗೇ ತಾನೇ.

ಇದಕ್ಕೆ ಎರಡು ತೂತುಗಳಿವೆ. 2024ರ ನಿಯಮದಲ್ಲಿ ಲಾಂಗ್ ರೆಸ್ಟ್‌ಗೆ ಹಿಟ್ ಡೈಸ್ ಎಲ್ಲವೂ ವಾಪಸ್ ಬರುತ್ತವೆ, ಆದ್ದರಿಂದ ಅರ್ಧ ಮಾತ್ರ ಎಂದು ನೀವೇ ಸೇರಿಸಿಕೊಳ್ಳಬೇಕು. ಎರಡನೆಯದು, ಗುಂಪಿನಲ್ಲಿ ಕ್ಲೆರಿಕ್ ಇದ್ದರೆ ಮಲಗುವ ಮೊದಲು ಉಳಿದ ಸ್ಲಾಟ್‌ಗಳನ್ನೆಲ್ಲ ಕ್ಯೂರ್ ವೂಂಡ್ಸ್ ಎಂಬ ವಾಸಿ ಮಾಡುವ ಮಂತ್ರಕ್ಕೆ ಸುರಿಯುತ್ತಾರೆ, ಬೆಳಿಗ್ಗೆ ಸ್ಲಾಟ್‌ಗಳು ಹೇಗೂ ಬರುತ್ತವಲ್ಲ. ಕ್ಲೆರಿಕ್, ವಾಸಿ ಮಾಡಬಲ್ಲ ಡ್ರೂಯಿಡ್ ಇಬ್ಬರೂ ಇರುವ ಗುಂಪಿಗೆ ಈ ನಿಯಮ ಇದ್ದೂ ಇಲ್ಲದಂತೆ.

ಕೈಕಾಲು ಹೋಗುವ ಪಟ್ಟಿಗಳು

ಕ್ಯಾಂಪೇನ್ ನಿಂತದ್ದು ಇದರಿಂದಲೇ.

2014ರ ಗೈಡ್‌ನಲ್ಲಿ ಲಿಂಗರಿಂಗ್ ಇಂಜುರೀಸ್ ಪಟ್ಟಿ ಇದೆ. ಡಿ20 ಉರುಳಿಸಬೇಕು. 1 ಬಿದ್ದರೆ ಕಣ್ಣು, 2 ಬಿದ್ದರೆ ಕೈ, 3 ಬಿದ್ದರೆ ಕಾಲು, 4 ಕುಂಟು, ಆಮೇಲೆ ಒಳಪೆಟ್ಟು, ಪಕ್ಕೆಲುಬು ಮುರಿತ, ಕೊಳೆಯುವ ಗಾಯ, 17ರಿಂದ ಮೇಲೆ ಬರೀ ಒಂದು ಸಣ್ಣ ಕಲೆ. ಯಾವಾಗ ಉರುಳಿಸಬೇಕು ಎನ್ನುವುದಕ್ಕೆ ಪುಸ್ತಕ ಕೆಲವು ಸಂದರ್ಭ ಸೂಚಿಸುತ್ತದೆ, ಅದರಲ್ಲಿ ಕ್ರಿಟಿಕಲ್ ತಾಗಿದಾಗ ಎನ್ನುವುದೂ ಒಂದು. ನಾವು ಅದನ್ನೇ ಆರಿಸಿದೆವು, ಕೇಳುವುದಕ್ಕೆ ರೋಚಕವಾಗಿತ್ತು.

ಈಗ ಲೆಕ್ಕ ನೋಡಿ. ಮೂರು ಶತ್ರುಗಳು, ಪ್ರತಿ ಸುತ್ತಿನಲ್ಲಿ ತಲಾ ಎರಡು ಏಟು, ನಾಲ್ಕು ಸುತ್ತು. ಒಟ್ಟು 24 ಸಲ ಡಿ20 ಉರುಳುತ್ತದೆ. ಒಂದಾದರೂ 20 ಬೀಳುವ, ಅಂದರೆ ಕ್ರಿಟಿಕಲ್ ಆಗುವ, ಸಾಧ್ಯತೆ ನೂರಕ್ಕೆ 71. ಹತ್ತು ಕಾಳಗಕ್ಕೆ ಸರಾಸರಿ 12 ಕ್ರಿಟಿಕಲ್. ಕಣ್ಣು, ಕೈ, ಕಾಲು ಹೋಗುವುದು ನೂರಕ್ಕೆ 15. ಅಂದರೆ ಹತ್ತು ಕಾಳಗಕ್ಕೆ ಹತ್ತಿರ ಹತ್ತಿರ ಎರಡು ಅಂಗ ಹೋಗುತ್ತದೆ. ಅದನ್ನು ವಾಪಸ್ ತರುವ ರೀಜನರೇಟ್ ಏಳನೇ ಹಂತದ ಮಂತ್ರ, ಕ್ಲೆರಿಕ್‌ಗೆ ಸಿಗುವುದು 13ನೇ ಲೆವೆಲ್ಲಿಗೆ.

ಈ ಅಂಗಗಳು ಯಾರವು? ಹಿಂದೆ ನಿಂತು ಬಾಣ ಬಿಡುವವನದ್ದಲ್ಲ. ಮುಂದೆ ನಿಂತು ಎಲ್ಲರ ಪರವಾಗಿ ಪೆಟ್ಟು ತಿನ್ನುವವಳದ್ದು. ನಮ್ಮ ಫೈಟರ್ ನಾಲ್ಕು ಸೆಷನ್ನಿನಲ್ಲಿ ಒಂದು ಕಣ್ಣು, ಒಂದು ಕಾಲು ಕಳೆದುಕೊಂಡಳು. ಕಾಲಿಲ್ಲದೆ ವೇಗ ಅರ್ಧ, ಓಡಿದರೆ ಬೀಳುತ್ತಾಳೆ. ಕಾಳಗದ ಜಾಗಕ್ಕೆ ಅವಳು ತಲುಪುವಷ್ಟರಲ್ಲಿ ಬೇರೆಯವರು ಮುಗಿಸಿರುತ್ತಿದ್ದರು. ಇತ್ತ ಗಾಬ್ಲಿನ್‌ಗೆ ಕಣ್ಣು ಹೋದರೇನು, ಮುಂದಿನ ಸುತ್ತಿಗೆ ಅದು ಹೇಗೂ ಸಾಯುತ್ತದೆ. ಇಂಥ ಪಟ್ಟಿಗಳ ಭಾರ ಬೀಳುವುದು ಬಹಳ ದಿನ ಬದುಕಬೇಕಾದವರ ಮೇಲೆ ಮಾತ್ರ. ಗುಂಪಿಗೋಸ್ಕರ ಎದೆಕೊಟ್ಟು ನಿಂತವಳಿಗೇ ನಾನು ಶಿಕ್ಷೆ ಕೊಟ್ಟಂತಾಯಿತು. ಐದನೇ ಸೆಷನ್ನಿಗೆ ಅವಳು ಬರಲಿಲ್ಲ, ಆರನೆಯದು ನಡೆಯಲೇ ಇಲ್ಲ.

ಪಟ್ಟಿಯನ್ನೇ ಬಿಟ್ಟುಬಿಡಿ ಎನ್ನುತ್ತಿಲ್ಲ. ಅದನ್ನು ಕ್ರಿಟಿಕಲ್‌ಗೆ ಕಟ್ಟಬೇಡಿ. ಸಾವಿಗೆ ಕಟ್ಟಿ. ಮೂರನೇ ಡೆತ್ ಸೇವ್ ಸೋತಾಗ ಆಟಗಾರರನ್ನೇ ಕೇಳಿ: ಇಲ್ಲಿಗೆ ಪಾತ್ರ ಮುಗಿಯಲಿಯಾ, ಅಥವಾ ಬದುಕಿ ಒಂದು ಊನ ಹೊತ್ತುಕೊಳ್ಳುತ್ತೀರಾ? ಆಗ ಅದೇ ಕಣ್ಣು ಹೋದದ್ದು ದಂಡ ಅಲ್ಲ, ಕೊಟ್ಟು ಕೊಂಡ ಜೀವ. ಒಂದೇ ಪಟ್ಟಿ, ಒಂದೇ ದಾಳ, ಅನುಭವ ಪೂರ್ತಿ ಬೇರೆ.

ಅದೇ ಪುಸ್ತಕದ ಮ್ಯಾಸಿವ್ ಡ್ಯಾಮೇಜ್ ನಿಯಮವನ್ನು ಕಡಿಮೆ ಲೆವೆಲ್ಲಿನಲ್ಲಿ ಮುಟ್ಟಬೇಡಿ. ಒಂದೇ ಪೆಟ್ಟಿಗೆ ಒಟ್ಟು ಎಚ್‌ಪಿಯ ಅರ್ಧ ಹೋದರೆ 15 ಮುಟ್ಟಬೇಕಾದ ಸೇವ್ ದಾಳ. 8 ಎಚ್‌ಪಿಯ ವಿಝರ್ಡ್‌ಗೆ 4 ಪಾಯಿಂಟ್ ಎಂದರೆ ಎಂಥ ಪೆಟ್ಟೂ ಸಾಕು.

ಎಚ್‌ಪಿಯ ಲೆಕ್ಕವನ್ನೇ ಬದಲಿಸುವ ಆಟಗಳು

ಎಚ್‌ಪಿಯನ್ನು ಎರಡು ಭಾಗ ಮಾಡುವ ಯೋಚನೆ ಹಳೆಯದು. ಡಿ ಅಂಡ್ ಡಿ 3.5 ಆವೃತ್ತಿಯ 2004ರ ಪುಸ್ತಕ ಅನ್‌ಅರ್ಥ್ಡ್ ಆರ್ಕೇನಾದಲ್ಲಿ ವೈಟಾಲಿಟಿ ಬೇರೆ, ವೂಂಡ್ ಬೇರೆ. ವೈಟಾಲಿಟಿ ಎಂದರೆ ತಪ್ಪಿಸಿಕೊಳ್ಳುವ ಶಕ್ತಿ, ಬೇಗ ತುಂಬುತ್ತದೆ. ವೂಂಡ್ ಪಾಯಿಂಟ್ ಎಂದರೆ ಮೈ, ಅದು ಕಾನ್ಸ್ಟಿಟ್ಯೂಷನ್‌ನಷ್ಟೇ ಇರುತ್ತದೆ, ಲೆವೆಲ್ ಏರಿದರೂ ಏರುವುದಿಲ್ಲ. ಓದುವಾಗ ಇದೇ ಸರಿ ಅನ್ನಿಸುತ್ತದೆ. ತೊಂದರೆ ಒಂದೇ, ಕ್ರಿಟಿಕಲ್ ಏಟು ನೇರವಾಗಿ ವೂಂಡ್‌ಗೆ ಹೋಗುತ್ತದೆ. ಆ ಆವೃತ್ತಿಯ ಓಗರ್ ಗದೆಯ ಪೆಟ್ಟು 2ಡಿ8+7 (8 ಮುಖದ ಎರಡು ದಾಳಕ್ಕೆ 7 ಸೇರಿಸಿ), ಸರಾಸರಿ 16. ಕಾನ್ಸ್ಟಿಟ್ಯೂಷನ್ 14 ಇರುವ ಹತ್ತನೇ ಲೆವೆಲ್ಲಿನ ಹೀರೋ ಒಂದು ಕ್ರಿಟಿಕಲ್‌ಗೆ ನೆಲಕ್ಕೆ ಬೀಳಬಹುದು. ಯಾವಾಗ ಬೇಕಾದರೂ ಸಾಯಬಹುದು ಎನ್ನುವ ಭಯ ನಿಮಗೆ ಬೇಕಿದ್ದರೆ ತೆಗೆದುಕೊಳ್ಳಿ. ಎರಡು ವರ್ಷದ ಕಥೆ ಕಟ್ಟುತ್ತಿದ್ದರೆ ಕಷ್ಟ.

ಕೇರ್ನ್ ಎಂಬ ಪುಟ್ಟ ಆಟ ಇದೇ ಯೋಚನೆಯನ್ನು ಎಷ್ಟು ಚೊಕ್ಕವಾಗಿ ಮಾಡಿದೆ ಎಂದರೆ ನಾನು ಅದನ್ನು ಸಿಕ್ಕವರಿಗೆಲ್ಲ ಓದಿಸುತ್ತೇನೆ. ನಿಯಮ ಪುಸ್ತಕ ಉಚಿತವಾಗಿ ಸಿಗುತ್ತದೆ. ಅಲ್ಲಿ ಎಚ್‌ಪಿ ಎಂದರೆ ಹಿಟ್ ಪ್ರೊಟೆಕ್ಷನ್, ಪೆಟ್ಟು ತಪ್ಪಿಸುವ ಶಕ್ತಿ. ಶುರುವಿಗೆ ಒಂದು ಡಿ6ರಷ್ಟು. ಏಟು ತಾಗಿತಾ ಇಲ್ಲವಾ ಎಂದು ದಾಳವೇ ಇಲ್ಲ, ಎಲ್ಲ ಏಟೂ ತಾಗುತ್ತದೆ. ಎಚ್‌ಪಿ ಮುಗಿದ ಮೇಲೆ ಉಳಿದ ಪೆಟ್ಟು ನಿಮ್ಮ ಸ್ಟ್ರೆಂಗ್ತ್‌ನಿಂದ ಕಳೆಯುತ್ತದೆ. ಎಚ್‌ಪಿ 4, ಸ್ಟ್ರೆಂಗ್ತ್ 12, ಪೆಟ್ಟು 7 ಎಂದುಕೊಳ್ಳಿ. ಸ್ಟ್ರೆಂಗ್ತ್ 9ಕ್ಕೆ ಇಳಿಯಿತು. ಈಗ ಡಿ20ರಲ್ಲಿ 9 ಅಥವಾ ಕಡಿಮೆ ಬಂದರೆ ನಿಂತಿರಿ, ಇಲ್ಲವಾದರೆ ಬಿದ್ದಿರಿ, ಒಂದು ಗಂಟೆಯೊಳಗೆ ಆರೈಕೆ ಸಿಗದಿದ್ದರೆ ಸಾವು. ಎಚ್‌ಪಿ ವಾಪಸ್ ಬರಲು ಒಂದು ಗುಟುಕು ನೀರು, ಸ್ವಲ್ಪ ಹೊತ್ತಿನ ಸುಧಾರಣೆ ಸಾಕು. ಸ್ಟ್ರೆಂಗ್ತ್ ವಾಪಸ್ ಬರಲು ವೈದ್ಯರ ಹತ್ತಿರ ಒಂದು ವಾರ. ನೋಡಿ, ಎರಡೂ ತೊಂದರೆಗೆ ಒಂದೇ ಏಟಿನಲ್ಲಿ ಮದ್ದು. ಎಚ್‌ಪಿ ಸರಿಯಾಗಿ ಸೊನ್ನೆಗೆ ಬಂದು ನಿಂತರೆ ಕಲೆಯ ಪಟ್ಟಿ ಇದೆ, ಅದರಲ್ಲಿ ಕೆಲವು ಕಲೆಗಳಿಂದ ನಿಮ್ಮ ಎಚ್‌ಪಿಯ ಮಿತಿಯೇ ಏರಬಹುದು. ಪೆಟ್ಟು ತಿಂದು ಗಟ್ಟಿಯಾಗುವುದು ನಿಯಮದಲ್ಲೇ ಬಂತು.

ಸ್ಯಾವೇಜ್ ವರ್ಲ್ಡ್ಸ್‌ನಲ್ಲಿ ಮುಖ್ಯ ಪಾತ್ರಗಳಿಗೆ ಮೂರು ಗಾಯದ ತನಕ ಅವಕಾಶ, ನಾಲ್ಕನೆಯದಕ್ಕೆ ಬೀಳುತ್ತಾರೆ. ಪ್ರತಿ ಗಾಯಕ್ಕೂ ಗುಣ ಮತ್ತು ಕೌಶಲಗಳ ದಾಳಗಳಿಂದ 1 ಕಳೆಯಬೇಕು. ಗಾಯ ಆದವರು ಇನ್ನಷ್ಟು ಸೋಲುತ್ತಾರೆ, ಸೋತು ಇನ್ನಷ್ಟು ಗಾಯ, ಗಾಯದ ಮೇಲೆ ಬರೆ ಎಳೆದಂತೆ. ಆದರೆ ಆ ಆಟದವರಿಗೆ ಇದು ಗೊತ್ತು. ಬೆನ್ನಿ ಎಂಬ ಬಿಲ್ಲೆ ಕೊಟ್ಟು ಗಾಯವನ್ನು ತಡೆಯುವ ಅವಕಾಶ ಇಟ್ಟಿದ್ದಾರೆ. ಈ ಮೈನಸ್ ಲೆಕ್ಕವನ್ನು ಮಾತ್ರ ಎತ್ತಿಕೊಂಡು ಬೆನ್ನಿ ಬಿಟ್ಟು ಡಿ ಅಂಡ್ ಡಿಗೆ ಅಂಟಿಸುವವರನ್ನು ನೋಡಿದ್ದೇನೆ, ಮೊದಲ ಏಟು ಹೊಡೆದವರೇ ಗೆಲ್ಲುವ ಆಟ ಆಗಿಬಿಡುತ್ತದೆ.

2025ರ ಡ್ಯಾಗರ್‌ಹಾರ್ಟ್‌ನಲ್ಲಿ ಪೆಟ್ಟಿನ ಸಂಖ್ಯೆಯನ್ನು ಮಿತಿಗಳ ಜೊತೆ ಹೋಲಿಸುತ್ತಾರೆ. ಮಿತಿ 7 ಮತ್ತು 14 ಇದ್ದರೆ 6ರ ಪೆಟ್ಟಿಗೆ ಒಂದು ಎಚ್‌ಪಿ, 13ಕ್ಕೆ ಎರಡು, 20ಕ್ಕೆ ಮೂರು. ಕವಚದ ಒಂದು ಗುರುತು ಕೊಟ್ಟು ಒಂದು ಮೆಟ್ಟಿಲು ಇಳಿಸಬಹುದು. ಕೊನೆಯ ಎಚ್‌ಪಿ ಹೋದಾಗ ಆಟಗಾರರೇ ಆರಿಸುತ್ತಾರೆ: ಒಂದು ಭಾರೀ ಏಟು ಹೊಡೆದು ಸಾಯುವುದು, ಪ್ರಜ್ಞೆ ತಪ್ಪಿ ಬದುಕುವುದು, ಅಥವಾ ದಾಳದ ಮೇಲೆ ಎಲ್ಲ ಒತ್ತೆ ಇಡುವುದು. ಕಥೆ ಮುಖ್ಯ ಎನ್ನುವ ಗುಂಪಿಗೆ ನಾನು ಇದನ್ನೇ ಹೇಳುತ್ತೇನೆ.

ಲೆಕ್ಕ ಇಷ್ಟಪಡುವವರಿಗೆ 1978ರ ರೂನ್‌ಕ್ವೆಸ್ಟ್ ಇದೆ, ಕೈಗೆ ಬೇರೆ ಎಚ್‌ಪಿ, ತಲೆಗೆ ಬೇರೆ ಎಚ್‌ಪಿ. ಹಾಳೆ ತುಂಬಾ ಬರೆಯಬೇಕು. ಲೆಕ್ಕವೇ ಬೇಡ ಎನ್ನುವವರಿಗೆ ಬ್ಲೇಡ್ಸ್ ಇನ್ ದ ಡಾರ್ಕ್, ಅಲ್ಲಿ "ಮೊಣಕಾಲು ಉಳುಕಿದೆ" ಎಂದು ಮಾತಿನಲ್ಲೇ ಗಾಯ ಬರೆಯುತ್ತಾರೆ, ಆ ಮಾತು ಅಡ್ಡ ಬರುವ ಕೆಲಸಕ್ಕೆ ಮಾತ್ರ ತೊಂದರೆ.

ಹಾಗಾದರೆ ಯಾವುದು?

ಐದನೇ ಆವೃತ್ತಿ ಬಿಡುವ ಮನಸ್ಸಿಲ್ಲ, ಕಾಳಗದಲ್ಲಿ ಭಯ ಇಲ್ಲ ಅನ್ನಿಸುತ್ತಿದೆ ಎಂದರೆ ಅಳಿಯದ ಡೆತ್ ಸೇವ್ ಸೋಲು. ಪಯಣಕ್ಕೆ ತೂಕ ಇಲ್ಲ ಅನ್ನಿಸಿದರೆ ಸ್ಲೋ ನ್ಯಾಚುರಲ್ ಹೀಲಿಂಗ್, ಕಥೆ ವಾರಗಟ್ಟಲೆ ಹರಡಿದ್ದರೆ ಗ್ರಿಟಿ ರಿಯಲಿಸಂ. ಮೂರು ಮೂರು ನಿಯಮ ಒಟ್ಟಿಗೆ ತಂದು ಬದಲಿಸುವ ಯೋಚನೆ ಇದ್ದರೆ ಅದರ ಬದಲು ಕೇರ್ನ್ ಅನ್ನೇ ಒಂದು ಸಂಜೆ ಆಡಿ ನೋಡಿ. ಪಾತ್ರ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ.

ಒಂದು ಸಲಕ್ಕೆ ಒಂದೇ ನಿಯಮ ತನ್ನಿ, ಮೂರು ಸೆಷನ್ ಆಡಿ, ಆಮೇಲೆ ಕೇಳಿ. ಕೇಳುವಾಗ ಎಲ್ಲರಿಗಿಂತ ಮೊದಲು ಮುಂದೆ ನಿಂತು ಪೆಟ್ಟು ತಿನ್ನುವವರನ್ನು ಕೇಳಿ, ಡಿಎಂ ಅನಿಸಿಕೆ ಕೊನೆಗೆ. ಅಂಗ ಹೋಗುವ ವಿಷಯಕ್ಕಂತೂ ಶುರುವಿನಲ್ಲೇ ಎಲ್ಲರ ಒಪ್ಪಿಗೆ ಬೇಕು. ಮನೆಯಲ್ಲಿ ಅಂಥ ನೋವು ಕಂಡವರು ಟೇಬಲ್‌ನಲ್ಲಿ ಇರಬಹುದು. ಒಬ್ಬರು ಬೇಡ ಎಂದರೂ ಬೇಡ, ಕಾರಣ ಕೇಳಬೇಡಿ.

ನಮ್ಮ ಈಗಿನ ಕ್ಯಾಂಪೇನ್‌ನಲ್ಲಿ ಅಳಿಯದ ಸೋಲುಗಳಿವೆ, ಸ್ಲೋ ಹೀಲಿಂಗ್ ಇದೆ, ಸಾವಿನ ಬದಲಿಗೆ ಊನ ಆರಿಸುವ ಅವಕಾಶ ಇದೆ. ಒಂದಾದ ಮೇಲೆ ಒಂದರಂತೆ, ಎಂಟು ತಿಂಗಳಲ್ಲಿ ತಂದದ್ದು. ಅದೇ ಗೆಳತಿ ವಾಪಸ್ ಬಂದಿದ್ದಾಳೆ, ಮತ್ತೆ ಫೈಟರ್. ಹೋದ ತಿಂಗಳು ಸೇತುವೆಯ ಮೇಲೆ ಮೂರನೇ ಸೋಲು ಬಿತ್ತು. ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. "ಎಡಗೈ ತಗೊಳ್ಳಿ" ಎಂದಳು. ಮುಂದಿನ ವಾರ ಗುರಾಣಿಯನ್ನು ಹಾಳೆಯಿಂದ ತಾನೇ ಹೊಡೆದುಹಾಕಿ ಬಂದಿದ್ದಳು.